ಮೂರು ಕುದಿಗೂ ಹೋಗದ ಕಲೆ

ಆ ಪದ ‘ಅ’ ಎಂದು ಶುರುವಾಗುತ್ತಿತ್ತು. ಅಳುಕು ಅಲ್ಲ. ಅಡಕ ಅಲ್ಲ. ಅಮಲಂತೂ ಅಲ್ಲವೇ ಅಲ್ಲ. ಬೀದಿಯಲ್ಲಿ ಕುಂಟುತ್ತ ಹೋಗುತ್ತಿದ್ದ ಮುದುಕನೊಬ್ಬನ ಬೆನ್ನ ಹಿಂದೆ, ಅವನ ಹಾಗೆಯೇ ಕಾಲೆಳೆದುಕೊಂಡು ನಡೆದ ಮಗಳನ್ನು ಕಂಡು, ತಾಯಿ ಕೈಯಲ್ಲಿದ್ದ ಸೌಟನ್ನೂ ಇಡದೆ ಹೊರಗೆ ಬಂದು ಆಡಿದ ಪದ ಅದು. ಅದನ್ನು ಮಾಡಬೇಡ ಕಣೇ, ಮಾಡಿದವರ ಕಾಲಿಗೇ ಅಂಟಿಕೊಳ್ಳುತ್ತೆ, ಎಂದಿದ್ದಳು. ಸೌಟು ನೆನಪಿತ್ತು. ಸೌಟಿನ ತುದಿಯಿಂದ ಹೊಸ್ತಿಲ ಮೇಲೆ ತೊಟ್ಟಿಕ್ಕಿದ ಹುಳಿ ನೆನಪಿತ್ತು. ಪದ ಮಾತ್ರ ಬಾಯಿಗೆ ಬಾರದೆ ಗಂಟಲಲ್ಲೇ ಕೂತಿತ್ತು.

ಪಟ್ಟಿ ತೊಳೆಯುವವಳು ಹಂಡೆಯ ಮುಂದೆ ನಿಂತು, ಗಾಯದ ಪಟ್ಟಿಗಳನ್ನು ಕುದಿನೀರಿನಲ್ಲಿ ಕೋಲಿನಿಂದ ತಿರುವುತ್ತ, ದಿನವೂ ಆ ಪದವನ್ನು ಹುಡುಕುತ್ತಿದ್ದಳು. ಬಿಸಿಲಿನ ನಾಡಿನಲ್ಲಿ ಹುಟ್ಟಿ, ಗಂಡನ ಹಿಂದೆ ಹಡಗು ಹತ್ತಿ, ಹಿಮದ ನಾಡಿಗೆ ಬಂದು ಅವಳಿಗೆ ನಲವತ್ತು ಚಳಿಗಾಲ ಕಳೆದಿತ್ತು. ಗಂಡ ಹೋದ, ಮಗಳು ಹೋದಳು, ಮಗಳ ಮಗಳೊಬ್ಬಳು ಉಳಿದಳು. ಹುಟ್ಟಿದೂರಿನ ಮಾತುಗಳೂ ಹಾಗೆಯೇ ಹೇಳದೆ ಕೇಳದೆ ಒಂದೊಂದಾಗಿ ಎದ್ದು ಹೋದವು. ಹೋಗಲಿ ಎಂದು ಬಿಟ್ಟಿದ್ದಳು. ಈ ಒಂದು ಪದ ಮಾತ್ರ ಬೇಕಾಗಿತ್ತು. ಯಾಕೆಂದರೆ ಹಿಮದ ನಾಡಿನವರು ಬೆಳಗಿನಿಂದ ಸಂಜೆಯ ತನಕ, ಬುದ್ಧಿ ಬಂದಾಗಿನಿಂದ ಮಣ್ಣಿಗೆ ಹೋಗುವ ತನಕ ಮಾಡುತ್ತಿದ್ದುದು ಅದನ್ನೇ.

ಆ ನಾಡಿಗೆ ಇದ್ದದ್ದು ಒಂದೇ ನಿಯಮ. ದೊರೆಗಿಂತ ಚೆನ್ನಾಗಿ ಯಾರೂ ಇರಕೂಡದು.

ನಿಯಮ ಹುಟ್ಟಿದ್ದು ಕೇಡಿನಿಂದಲ್ಲ, ಮಮತೆಯಿಂದ. ದೊರೆಗೆ ಏಳು ತುಂಬಿದ ವರ್ಷ ಅವನ ಎಡಗಾಲಿನ ಮೊಣಕಾಲ ಕೆಳಗೆ ಒಂದು ಹುಣ್ಣು ಕಣ್ಣು ಬಿಟ್ಟಿತು. ಒಂದು ತಿಂಗಳು ಮುಚ್ಚಿದರೆ ಮೂರು ತಿಂಗಳು ತೆರೆದಿರುತ್ತಿತ್ತು. ಅಂಗಳದಲ್ಲಿ ಬೇರೆ ಮಕ್ಕಳು ಓಡುವುದನ್ನು ಕಿಟಕಿಯಿಂದ ನೋಡಿ ಹುಡುಗ ಅತ್ತ. ಅವನು ಅತ್ತದ್ದನ್ನು ರಾಜಮಾತೆ ನೋಡಿದಳು. ಮರುದಿನ ಅಂಗಳದ ಮಕ್ಕಳಲ್ಲಿ ಏಳು ದಾಟಿದವರೆಲ್ಲ ಎಡಗಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಆಡಿದರು. ಅದರ ಮರುದಿನ ಅಡುಗೆಯವರು, ಅದರ ಮರುದಿನ ಕಾವಲಿನವರು. ವಾರ ಕಳೆಯುವುದರೊಳಗೆ ಊರಿಗೆ ಊರೇ ಕುಂಟಿತು. ಏಳು ತುಂಬಿದ ಮೇಲೆ ಎಲ್ಲರಿಗೂ ಹೀಗೆಯೇ ಮಗನೇ, ಹಾಲುಹಲ್ಲು ಬೀಳುವ ಹಾಗೆ, ಎಂದು ರಾಜಮಾತೆ ಹೇಳಿದಳು. ಹುಡುಗ ಕಣ್ಣೊರೆಸಿಕೊಂಡ. ತಾಯಿಗೆ ಇನ್ನೇನು ಬೇಕು?

ರಾಜಮಾತೆ ಸತ್ತಳು, ನಿಯಮ ಸಾಯಲಿಲ್ಲ. ಅರಮನೆಯ ಗೋಪುರದಲ್ಲಿ ನಡಿಗೆಯ ಅಧಿಕಾರಿ ಎಂಬವನಿದ್ದ. ದೊರೆ ಬೆಳಿಗ್ಗೆ ಎದ್ದು ಹಾಸಿಗೆಯಿಂದ ಬಾಗಿಲ ತನಕ ನಡೆಯುವುದನ್ನು ಪರದೆಯ ಮರೆಯಿಂದ ನೋಡಿ ಅವನು ಗಂಟೆ ಹೊಡೆಯುತ್ತಿದ್ದ. ಒಂದು ಹೊಡೆದರೆ ಆ ದಿನ ಹಗುರವಾದ ಕುಂಟು. ಎರಡು ಹೊಡೆದರೆ ಮೊಣಕಾಲು ಬಗ್ಗಿಸಬೇಕು. ಮೂರು ಹೊಡೆದರೆ ಕಾಲು ಎಳೆಯಬೇಕು, ಹಲ್ಲು ಕಚ್ಚಬೇಕು. ಗಂಟೆ ಕೇಳಿಸಿಕೊಂಡೇ ಜನ ಹೊಸ್ತಿಲು ದಾಟುತ್ತಿದ್ದರು. ಕಾಲ್ಜೋಡು ಹೊಲಿಯುವವರು ಎಡಗಾಲಿನದಕ್ಕೆ ಎರಡು ಬೆರಳು ಕಡಿಮೆ ಹಿಮ್ಮಡಿ ಇಡುತ್ತಿದ್ದರು. ಮದುವೆಯಲ್ಲಿ ಹೆಣ್ಣು ಗಂಡು ಕುಂಟುತ್ತಲೇ ಕುಣಿಯುತ್ತಿದ್ದರು. ಕಳ್ಳ ಕುಂಟುತ್ತ ಓಡುತ್ತಿದ್ದ, ಕಾವಲಿನವನು ಕುಂಟುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದ. ಬೆಳಿಗ್ಗೆ ಶುರುವಾದ ಓಟ ಸಂತೆ ಮುಗಿಯುವ ಹೊತ್ತಿಗೂ ಎರಡು ಬೀದಿ ದಾಟಿರುತ್ತಿರಲಿಲ್ಲ, ನಡುವೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಕುದುರೆಗಳಿಗೆ ಕುಂಟಲು ಕಲಿಸಿದರು. ನಾಯಿಗಳಿಗೆ ಕಲಿಸಿದರು. ಬೆಕ್ಕುಗಳು ಕಲಿಯಲಿಲ್ಲ, ಅವನ್ನು ಗೋಣಿಚೀಲಕ್ಕೆ ತುಂಬಿ ನದಿಯಾಚೆ ಬಿಟ್ಟು ಬಂದರು. ಇಲಿಗಳು ನೆಟ್ಟಗೆ ಓಡುತ್ತಿದ್ದವು, ಆದರೆ ದೊರೆಯ ಕಣ್ಣಿಗೆ ಬೀಳದಷ್ಟು ಬೇಗ ಓಡುತ್ತಿದ್ದವು.

ಏಳು ತುಂಬದ ಮಕ್ಕಳಿಗೆ ಮಾತ್ರ ವಿನಾಯಿತಿ. ಏಳು ತುಂಬಿದ ದಿನ ಮನೆಮಂದಿಯೆಲ್ಲ ಸೇರಿ ಮಗುವಿನ ಎಡಗಾಲಿಗೆ ಪಟ್ಟಿ ಕಟ್ಟುವ ಶಾಸ್ತ್ರ ಮಾಡುತ್ತಿದ್ದರು. ಸಿಹಿ ಹಂಚುತ್ತಿದ್ದರು. ಮಗು ಮೊದಲ ಸಲ ಕುಂಟಿದಾಗ ಅಜ್ಜಿಯಂದಿರು ದೃಷ್ಟಿ ತೆಗೆಯುತ್ತಿದ್ದರು.

ಅರಮನೆಯಲ್ಲಿ ಏಳು ದಾಟಿದವರು ನಾನೂರು ಮಂದಿ. ನಾನೂರು ಎಡಗಾಲು, ನಾನೂರು ಪಟ್ಟಿ. ಸಂಜೆ ಎಲ್ಲರೂ ಪಟ್ಟಿ ಬಿಚ್ಚಿ ಬುಟ್ಟಿಗೆ ಹಾಕುತ್ತಿದ್ದರು. ಪಟ್ಟಿಗಳು ಬಿಳಿಯಾಗಿಯೇ ಬರುತ್ತಿದ್ದವು; ಗಾಯವಿಲ್ಲದ ಕಾಲಿನಿಂದ ಮತ್ತೇನು ಬಂದೀತು? ಆದ್ದರಿಂದ ಪಟ್ಟಿ ತೊಳೆಯುವವಳ ಮೊದಲ ಕೆಲಸ ಅವುಗಳ ಮೇಲೆ ಬೀಟ್‌ರೂಟಿನ ರಸ ಚಿಮುಕಿಸುವುದು. ಬೆಳಿಗ್ಗೆ ಬುಟ್ಟಿ ದೊರೆಯ ಮುಂದೆ ಹೋಗುತ್ತಿತ್ತು. ದೊರೆ ನಾನೂರು ಕೆಂಪು ಕಲೆಗಳನ್ನು ನೋಡಿ, ತಲೆ ಬಾಗಿಸಿ, ತಾನೇ ಬಿಚ್ಚಿಕೊಂಡ ತನ್ನ ಪಟ್ಟಿಯನ್ನು ಮೇಲಿಡುತ್ತಿದ್ದ. ಮುಖ ತೊಳೆಯಲು ಆಳು ಬೇಕೇ, ಪಟ್ಟಿ ಬಿಚ್ಚಲು ಯಾಕೆ ಬೇಕು? ಬುಟ್ಟಿ ವಾಪಸು ಬರುತ್ತಿತ್ತು. ಅವಳ ಎರಡನೆಯ ಕೆಲಸ ಅದನ್ನು ತೊಳೆಯುವುದು. ಮೊದಲು ಕೊಳೆ ಮಾಡು, ಆಮೇಲೆ ಕೊಳೆ ತೆಗೆ. ನಲವತ್ತು ಚಳಿಗಾಲ ಅದನ್ನೇ ಮಾಡಿದಳು.

ಬೀಟ್‌ರೂಟಿನ ಕಲೆ ಒಂದು ಕುದಿಗೆ ಹೋಗುತ್ತಿತ್ತು. ಒಂದು ಪಟ್ಟಿಯ ಕಲೆ ಮಾತ್ರ ಮೂರು ಕುದಿಗೂ ಹೋಗುತ್ತಿರಲಿಲ್ಲ.

ಆ ಕಲೆ ಬೆಳೆಯುವುದನ್ನು ಕಂಡವಳು ಇಡೀ ನಾಡಿನಲ್ಲಿ ಅವಳೊಬ್ಬಳೇ. ಅವಳು ಬಂದಾಗ ಅದು ಅಂಗಿಯ ಗುಂಡಿಯಷ್ಟಿತ್ತು. ಮಗಳು ಹುಟ್ಟಿದಾಗ ವೀಳ್ಯದೆಲೆಯಷ್ಟು. ಹೋದ ವರ್ಷ ಮೊಮ್ಮಗಳಿಗೆ ಪಟ್ಟಿ ಕಟ್ಟಿದಾಗ ಅಂಗೈಯಗಲ. ಈ ಚಳಿಗಾಲ ಅದು ಪಟ್ಟಿಯ ಆಚೆ ಮಗ್ಗುಲಿಗೂ ಬಂದಿತ್ತು. ವಾಸನೆಯೂ ಇತ್ತು.

ಅವಳು ಆಸ್ಥಾನದ ವೈದ್ಯನ ಬಳಿ ಹೋದಳು. ವೈದ್ಯ ಮೂವತ್ತು ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತಿದ್ದ, ಅವನ ಕೈಗೆ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. ತಿಂಗಳಿಗೊಮ್ಮೆ ‘ಊರಿನವರೆಲ್ಲರೂ ದೊರೆಯಷ್ಟೇ ಕ್ಷೇಮ’ ಎಂದು ಬರೆದು ಮೊಹರು ಒತ್ತುವುದು ಅವನ ಕೆಲಸ. ಅವಳು ಕಲೆಯ ಸುದ್ದಿ ಹೇಳಿದಳು. ಅವನು ಕಿಟಕಿ ಮುಚ್ಚಿ ಬಂದು ಕೂತ.

‘ಎಲ್ಲರಿಗೂ ಇರುವುದನ್ನು ಕಾಯಿಲೆ ಎನ್ನುವುದಿಲ್ಲ, ಅಮ್ಮ,’ ಎಂದ. ‘ಎಲ್ಲರಿಗೂ ಮೂಗಿದೆ. ಮೂಗಿಗೆ ಔಷಧಿ ಕೊಟ್ಟವರನ್ನು ನೋಡಿದ್ದೀಯಾ?’

‘ನೆಗಡಿಯಾದರೆ ಕೊಡುತ್ತಾರಲ್ಲ ಸ್ವಾಮಿ.’

‘ನೆಗಡಿಯೂ ಎಲ್ಲರಿಗೂ ಆಗುವಂತಿದ್ದರೆ ಕೊಡುತ್ತಿರಲಿಲ್ಲ,’ ಎಂದ ವೈದ್ಯ. ಆಮೇಲೆ ದನಿ ಇಳಿಸಿ, ದೊರೆಗೆ ಮದ್ದು ಕೊಡಬೇಕಾದರೆ ದೊರೆಗೆ ಕಾಯಿಲೆ ಎನ್ನಬೇಕು, ದೊರೆಗೆ ಕಾಯಿಲೆ ಎಂದರೆ ನಮಗಿಲ್ಲ ಎಂದಾಯಿತು, ನಮಗಿಲ್ಲ ಎಂದರೆ ನಾವು ದೊರೆಗಿಂತ ಚೆನ್ನಾಗಿದ್ದೇವೆ ಎಂದಾಯಿತು, ಹಾಗೆಂದವನ ತಲೆ ಎಲ್ಲಿರುತ್ತದೆ ಎಂದು ಕೇಳಿದ. ಅವನ ಮೇಜಿನ ಮೇಲೆ ಔಷಧಿ ಅರೆಯುವ ಕಲ್ಲು ಇತ್ತು. ಅದರೊಳಗೆ ಜೇಡ ಮೂರು ತಲೆಮಾರು ಸಂಸಾರ ಮಾಡಿತ್ತು.

ಅವಳು ಹಂಡೆಯ ಮನೆಗೆ ವಾಪಸು ಬಂದಳು. ಒಲೆಯ ಬಳಿ ಮೊಮ್ಮಗಳು ಒಂದೊಂದೇ ಸೌದೆ ತಂದು ಹಾಕುತ್ತಿದ್ದಳು. ಅರಮನೆಯ ಗೋಡೆಯ ಹಿಂದಿನ ಆ ಮನೆಯೊಳಗೆ ನೋಡುವವರಿರಲಿಲ್ಲ. ಅಲ್ಲಿ ನೆಟ್ಟಗೆ ನಡೆ ಕೂಸೇ ಎಂದು ಅಜ್ಜಿ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಮಗು ನಡೆಯುತ್ತಲೂ ಇತ್ತು. ಆದರೆ ಆ ದಿನ ಮಗು ಒಲೆಗೂ ಸೌದೆಯ ರಾಶಿಗೂ ನಡುವೆ ಎಡಗಾಲನ್ನು ಎಳೆಯುತ್ತಿತ್ತು.

ಇಲ್ಲಿ ಯಾಕೆ ಕುಂಟುತ್ತೀ ಎಂದು ಅಜ್ಜಿ ಕೇಳಿದಳು.

‘ಎಲ್ಲಿ ಕುಂಟಿದೆ?’ ಎಂದಿತು ಮಗು.

ನೆನಪಿನಲ್ಲಿ ಸೌಟಿನಿಂದ ಹುಳಿ ತೊಟ್ಟಿಕ್ಕಿತು. ಪದ ಬರಲಿಲ್ಲ.

ಹಿಮ ಮೊಣಕಾಲುದ್ದ ಬಿದ್ದ ಒಂದು ಬೆಳಿಗ್ಗೆ ಗಂಟೆ ಒಂದು ಹೊಡೆಯಿತು, ಎರಡು ಹೊಡೆಯಿತು, ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ನಾಲ್ಕನ್ನು ಯಾರೂ ಕೇಳಿರಲಿಲ್ಲ. ಹೊಸ್ತಿಲಲ್ಲಿ ಒಂದು ಕಾಲು, ಬೀದಿಯಲ್ಲಿ ಒಂದು ಕಾಲು ಇಟ್ಟುಕೊಂಡು ಊರು ಗೋಪುರದ ಕಡೆ ನೋಡಿತು. ನಡಿಗೆಯ ಅಧಿಕಾರಿ ಮೇಲಿನಿಂದ ಬಗ್ಗಿ ಕೂಗಿ ಹೇಳಿದ. ದೊರೆ ಹಾಸಿಗೆಯಿಂದ ಏಳಲಿಲ್ಲ. ಮಲಗಿ.

ಊರು ಮಲಗಿತು. ಇದ್ದವರು ಇದ್ದಲ್ಲೇ ಮಲಗಿದರು. ಅಂಗಡಿಯವನು ಮಲಗಿಕೊಂಡು ತಕ್ಕಡಿ ಎತ್ತಿದ, ಕೊಳ್ಳುವವನು ಮಲಗಿಕೊಂಡು ಚೌಕಾಶಿ ಮಾಡಿದ. ಕ್ಷೌರಿಕ ಮಲಗಿಕೊಂಡು ಮಲಗಿದವನ ಗಡ್ಡ ಹೆರೆದ; ಆ ವಾರ ಊರಿನಲ್ಲಿ ಬಹಳ ಕಿವಿಗಳಿಗೆ ನಿಜವಾದ ಪಟ್ಟಿ ಬಂತು. ಅಡುಗೆಯವರು ಉದ್ದನೆಯ ಸೌಟು ಕಟ್ಟಿಸಿಕೊಂಡು ನೆಲದ ಮೇಲಿನಿಂದಲೇ ಗಂಜಿ ತಿರುವಿದರು, ಅರ್ಧ ಪಾತ್ರೆಗೆ, ಅರ್ಧ ಮೈಮೇಲೆ. ನಿಯಮದ ಕಣ್ಣಿಗೆ ನಿಂತಿರಬಹುದಾದವರು ಏಳು ತುಂಬದ ಮಕ್ಕಳು ಮಾತ್ರ. ಮಲಗಿದ ಊರಿನ ಮೇಲೆ ಮಕ್ಕಳೂ ಇಲಿಗಳೂ ಓಡಾಡಿಕೊಂಡಿದ್ದರು.

ಪಟ್ಟಿ ತೊಳೆಯುವವಳು ನಿಂತೇ ಇದ್ದಳು. ಹಂಡೆಯನ್ನು ಮಲಗಿಸಿ ಕುದಿಸಲು ಬರುವುದಿಲ್ಲ. ಅಲ್ಲದೆ ಅವಳು ಬೇರೆ ನಾಡಿನವಳು, ಗೋಡೆಯ ಹಿಂದಿನವಳು. ಅವಳು ನಿಂತರೂ ನಿಂತ ಹಾಗಲ್ಲ ಎಂದು ಅಧಿಕಾರಿಯೇ ತೀರ್ಮಾನ ಕೊಟ್ಟಿದ್ದ. ಮೊಮ್ಮಗಳು ಮಾತ್ರ ಈ ನಾಡಿನಲ್ಲಿ ಹುಟ್ಟಿದವಳು, ಎಂಟು ತುಂಬಿದವಳು. ಅವಳು ಒಲೆಯ ಪಕ್ಕ ಚಾಪೆಯ ಮೇಲೆ ಮಲಗಿ, ಮಾಡಿನ ಜಂತಿಗಳನ್ನು ಎಣಿಸುತ್ತಿದ್ದಳು.

ಆರನೆಯ ದಿನ ಬಡಗಿ ಬಂದ. ಚಕ್ರ ಹಾಕಿದ ಹಲಗೆಯ ಮೇಲೆ ಅಂಗಾತ ಮಲಗಿ, ಕೈಯಿಂದ ನೆಲ ತಳ್ಳಿಕೊಂಡು ಬಂದ. ಎದೆಯ ಮೇಲೆ ಗಂಟುಗಳಿದ್ದ ಒಂದು ಹಗ್ಗವಿತ್ತು. ಅಳತೆಗೆ ಬಂದಿದ್ದೇನೆ ಎಂದ. ಏನು ಅಳತೆ ಎಂದು ಅವಳು ಕೇಳುವಷ್ಟರಲ್ಲಿ ಹಲಗೆಯನ್ನು ಚಾಪೆಯ ಪಕ್ಕಕ್ಕೆ ತಂದು, ಮಗುವಿನ ನೆತ್ತಿಯಿಂದ ಹಿಮ್ಮಡಿಯ ತನಕ ಹಗ್ಗ ಹಿಡಿದಿದ್ದ. ಮಗುವಿಗೆ ಕಚಗುಳಿಯಾಗಿ ನಕ್ಕಿತು.

‘ಪೆಟ್ಟಿಗೆಗೆ,’ ಎಂದ ಬಡಗಿ. ‘ಊರಿನಲ್ಲಿ ಏಳು ದಾಟಿದವರಿಗೆಲ್ಲ ಒಂದೊಂದು. ಅಧಿಕಾರಿಗಳ ಅಪ್ಪಣೆ.’

‘ಯಾವ ಪೆಟ್ಟಿಗೆ?’

ಬಡಗಿ ಅವಳ ಮುಖ ನೋಡಲಿಲ್ಲ. ಮಲಗಿದವನಿಗೆ ಅದು ಸುಲಭ, ಮೇಲಿನ ಮಾಡು ನೋಡಿದರಾಯಿತು. ‘ನಾನೇನು ಮಾಡಲಿ ಅಜ್ಜಿ. ದೊರೆಗಿಂತ ಚೆನ್ನಾಗಿ ಯಾರೂ ಇರಕೂಡದು. ದೊರೆಯೇ ಇಲ್ಲದೆ ಹೋದರೆ, ಇರುವುದೇ ಚೆನ್ನಾಗಿರುವುದಲ್ಲವಾ?’ ಹಗ್ಗ ಸುತ್ತಿಕೊಂಡ. ಹೊರಟವನು ಬಾಗಿಲಲ್ಲಿ ಹಲಗೆ ನಿಲ್ಲಿಸಿದ. ‘ಬೆಳೆಯುವ ಮಗು. ಅರ್ಧ ಗೇಣು ಹೆಚ್ಚಿಗೆ ಹಿಡಿದಿದ್ದೇನೆ.’

‘ಬೆಳೆಯುವುದಕ್ಕೆ ಎಲ್ಲಿ ಬಿಡುತ್ತೀಯಪ್ಪ?’ ಎಂದಳು ಅವಳು.

ಬಡಗಿಯ ಹಲಗೆ ಸದ್ದು ಮಾಡುತ್ತ ಹೋಯಿತು. ಅವಳು ಬುಟ್ಟಿಯ ಕಡೆ ನೋಡಿದಳು. ಆ ದಿನದ ಪಟ್ಟಿಗಳು ಬಿಳಿಯಾಗಿ ಬಿದ್ದಿದ್ದವು. ಬೀಟ್‌ರೂಟಿನ ಗೂಡೆಯಲ್ಲಿ ಎರಡೇ ಗೆಡ್ಡೆ ಉಳಿದಿದ್ದವು. ತೋಟದವರು ಮಲಗಿದ್ದರು, ಹೆಪ್ಪುಗಟ್ಟಿದ ಮಣ್ಣನ್ನು ಮಲಗಿಕೊಂಡು ಅಗೆಯಲಾಗದು. ಅಧಿಕಾರಿ ಹೇಳಿಕಳಿಸಿದ್ದ, ಎರಡಾದರೆ ಎರಡನ್ನೇ ಹಿಂಡು, ನೀರು ಬೆರೆಸು, ಮಸಿ ಬೆರೆಸು, ಏನಾದರೂ ಮಾಡು, ಬುಟ್ಟಿ ಕೆಂಪಗೆ ಹೋಗಬೇಕು. ಇಷ್ಟು ದಿನ ತೆವಳಿಕೊಂಡು ಒಯ್ದ ಬುಟ್ಟಿ ಹೊರುವವನಿಗೆ ಇನ್ನಾಗದು, ನೀನೇ ಒಯ್ಯಬೇಕು. ಅವಳು ಎರಡೂ ಗೆಡ್ಡೆಗಳನ್ನು ತೊಳೆದಳು. ಸಿಪ್ಪೆ ತೆಗೆದಳು. ಸಣ್ಣಗೆ ಹೆಚ್ಚಿದಳು. ಒಲೆಯ ಮೇಲೆ ಬಾಣಲೆ ಇಟ್ಟು, ಉಪ್ಪು ಮೆಣಸಿನ ಪುಡಿ ಉದುರಿಸಿ, ತನ್ನ ತಾಯಿ ಮಾಡುತ್ತಿದ್ದ ಹಾಗೆ ಪಲ್ಯ ಮಾಡಿ ಮೊಮ್ಮಗಳಿಗೆ ಹಾಕಿದಳು. ಎದ್ದು ಕೂತು ತಿನ್ನು, ಮಲಗಿ ತಿಂದರೆ ನೆತ್ತಿಗೆ ಹತ್ತುತ್ತೆ, ಎಂದಳು.

ಮರುದಿನ ಬೆಳಿಗ್ಗೆ ಬುಟ್ಟಿಯ ಒಂದು ಹಿಡಿ ತಾನು ಹಿಡಿದಳು, ಇನ್ನೊಂದನ್ನು ಮೊಮ್ಮಗಳ ಕೈಗೆ ಕೊಟ್ಟಳು. ಪಟ್ಟಿ ಕಾಣದಂತೆ ಅವಳ ಲಂಗ ಇಳಿಬಿಟ್ಟು, ಯಾರಾದರೂ ಕೇಳಿದರೆ ನಿನಗಿನ್ನೂ ಆರು ಎನ್ನು ಎಂದು ಹೇಳಿಕೊಟ್ಟಳು. ಯಾರೂ ಕೇಳಲಿಲ್ಲ. ದೊರೆಯ ಕೋಣೆಗೆ ಮೂರು ಹಜಾರ ದಾಟಬೇಕು. ಮೂರು ಹಜಾರಗಳಲ್ಲೂ ಜನ ಅಂಗಾತ ಮಲಗಿ ಮಾಡು ನೋಡುತ್ತಿದ್ದರು. ಯಾರೋ ದಾಟಿ ಹೋದರೆಂದು ಗೊತ್ತಾದರೂ, ತಲೆಯೆತ್ತಿದರೆ ದೊರೆಗಿಂತ ಚೆನ್ನಾಗಿದ್ದಂತೆ ಆದೀತೆಂದು ಎತ್ತಲಿಲ್ಲ.

ದೊರೆ ಸಣ್ಣ ಮನುಷ್ಯ.

ನಲವತ್ತು ವರ್ಷ ಅವನ ಕಲೆಯನ್ನು ತೊಳೆದಿದ್ದಳು, ಅವನನ್ನು ಕಂಡದ್ದು ಅದೇ ಮೊದಲು. ಹಾಸಿಗೆ ದೊಡ್ಡದು, ಅದರ ನಡುವೆ ಯಾರೋ ಮರೆತು ಬಿಟ್ಟು ಹೋದ ಬಟ್ಟೆಯ ಹಾಗೆ ಬಿದ್ದಿದ್ದ. ಅವಳು ಬುಟ್ಟಿ ಇಟ್ಟಳು. ದೊರೆ ಕತ್ತು ತಿರುಗಿಸಿ ನೋಡಿದ. ಮೇಲಿನ ಪಟ್ಟಿಯನ್ನು ಎತ್ತಿದ. ಅದರ ಕೆಳಗಿನದನ್ನು ಎತ್ತಿದ. ಅದರ ಕೆಳಗಿನದನ್ನು ಎತ್ತಿದ.

‘ಕೆಳಗೆ?’ ಎಂದ.

‘ಕೆಳಗೂ ಬಿಳಿಯೇ, ದೊರೆಗಳೇ.’

ದೊರೆ ಕಣ್ಣು ಮುಚ್ಚಿದ. ಅವಳು ಮೊಮ್ಮಗಳ ಕೈ ಹಿಡಿದುಕೊಂಡಳು. ಈಗ ಕಾವಲಿನವರನ್ನು ಕೂಗುತ್ತಾನೆ, ಅವರು ಉರುಳಿಕೊಂಡು ಬರಲು ಎಷ್ಟು ಹೊತ್ತು ಬೇಕು, ಅಷ್ಟರೊಳಗೆ ಓಡಬಹುದೇ, ಓಡುವುದು ಈ ಮಗುವಿಗೆ ಇನ್ನೂ ಬಂದೀತೇ ಎಂದು ಯೋಚಿಸಿದಳು. ದೊರೆಯ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು.

‘ಸದ್ಯ,’ ಎಂದ ದೊರೆ. ‘ಎಲ್ಲರಿಗೂ ವಾಸಿಯಾಯಿತಲ್ಲ.’

ಅವಳು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು, ನೇಣಿನ ಹಗ್ಗಕ್ಕೆ ಸಿದ್ಧಳಾಗಿ ಬಂದಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ದೊರೆ ಕಣ್ಣು ಮುಚ್ಚಿಕೊಂಡೇ ಮಾತಾಡಿದ. ಬಹಳ ವರ್ಷಗಳಿಂದ ಯಾರ ಹತ್ತಿರವೂ ಆಡದ್ದನ್ನು, ಬಂದವಳು ಯಾರೆಂದೂ ಕೇಳದೆ ಆಡಿದ. ನೋವು ತಡೆಯಲಾಗದೆ ಎಷ್ಟೋ ಸಲ ಕೂಗಬೇಕೆನಿಸುತ್ತಿತ್ತಂತೆ. ಆದರೆ ಅಡುಗೆಯವಳು ಇಂಥದೇ ಕಾಲಿನ ಮೇಲೆ ನಿಂತು ಹಿಟ್ಟು ನಾದುತ್ತಾಳೆ, ಕಾವಲಿನವನು ಇಂಥದೇ ಕಾಲಿನಲ್ಲಿ ಹಿಮದಲ್ಲಿ ನಿಲ್ಲುತ್ತಾನೆ, ಅವರ ಪಟ್ಟಿಯೂ ಕೆಂಪು, ಅವರು ತುಟಿ ಬಿಚ್ಚುವುದಿಲ್ಲ. ಊರೇ ಸಹಿಸಿಕೊಂಡಿರುವಾಗ ದೊರೆ ಮುಲುಗಿದರೆ ನಾಚಿಕೆಗೇಡಲ್ಲವೇ? ವೈದ್ಯನನ್ನು ಕರೆಸಿದರೆ, ಇಷ್ಟು ಜನರನ್ನು ಬಿಟ್ಟು ತನಗೆ ಮೊದಲು ಮದ್ದು ಬೇಕೆಂದ ಹಾಗಾಗುವುದಿಲ್ಲವೇ? ದಿನಾ ಬೆಳಿಗ್ಗೆ ಆ ನಾನೂರು ಕಲೆಗಳನ್ನು ನೋಡಿ, ಇವರದ್ದಾದರೂ ಒಣಗಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದನಂತೆ.

‘ಕೇಳಿಸಿತು ನೋಡು,’ ಎಂದ. ಅವನ ಮುಖದಲ್ಲಿ ನಗು ಇತ್ತು.

ಅಲ್ಲಿಗೇ ಬಿಡಬಹುದಿತ್ತು. ಬುಟ್ಟಿ ಎತ್ತಿಕೊಂಡು ಬಂದಿದ್ದರೆ ದೊರೆ ಸುಖವಾಗಿ ಸಾಯುತ್ತಿದ್ದ. ಆದರೆ ಬಡಗಿಯ ಹಗ್ಗದಲ್ಲಿ ಒಂದು ಗಂಟು ಎಂಟು ವರ್ಷದ್ದಿತ್ತು. ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು, ಆ ನಾಡಿನಲ್ಲಿ ಯಾರೂ ಕೂತಿರದ ಜಾಗದಲ್ಲಿ. ಯಾರಿಗೂ ವಾಸಿಯಾಗಿಲ್ಲ, ಯಾಕೆಂದರೆ ಯಾರಿಗೂ ಆಗಿಯೇ ಇರಲಿಲ್ಲ, ಎಂದು ಹೇಳಿದಳು. ತಾನೇ ಚಿಮುಕಿಸುತ್ತಿದ್ದೆ ಎಂದು ಹೇಳಿದಳು.

‘ಬೀಟ್‌ರೂಟ್?’ ಎಂದ ದೊರೆ.

‘ಬೀಟ್‌ರೂಟ್.’

‘ತಿನ್ನುತ್ತಾರಲ್ಲ, ಅದೇ?’

‘ಅದೇ. ಕೊನೆಯ ಎರಡನ್ನು ನಿನ್ನೆ ನಾವು ತಿಂದೆವು.’

‘ಚೆನ್ನಾಗಿತ್ತು,’ ಎಂದಳು ಮೊಮ್ಮಗಳು.

ದೊರೆ ಮಗುವನ್ನು ನೋಡಿದ. ಹತ್ತಿರ ಕರೆದು, ಅವಳ ಕಾಲಿನ ಪಟ್ಟಿಯನ್ನು ತನ್ನ ಕೈಯಿಂದ ಬಿಚ್ಚಿದ. ಒಳಗೆ ಕಾಲಿತ್ತು. ಬರೀ ಕಾಲು. ಅವನು ಹೆಬ್ಬೆರಳಿನಿಂದ ಮೊಣಕಾಲ ಕೆಳಗೆ ಒತ್ತಿ ನೋಡಿದ. ನೋಯುತ್ತದೆಯೇ ಎಂದು ಕೇಳಿದ. ಇಲ್ಲ, ಕಚಗುಳಿ, ಎಂದಳು. ಬಾಗಿಲ ತನಕ ನಡೆದು ತೋರಿಸು ಎಂದ. ಅವಳು ನಡೆದಳು. ಗಾಯವಿಲ್ಲದ, ಪಟ್ಟಿಯಿಲ್ಲದ ಎಡಗಾಲು ಬಾಗಿಲ ತನಕ ಎಳೆದುಕೊಂಡು ಹೋಯಿತು, ಬಾಗಿಲಿನಿಂದ ಎಳೆದುಕೊಂಡು ಬಂತು.

ದೊರೆ ಬಿಚ್ಚಿದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ಅಮ್ಮ ಹಾಲುಹಲ್ಲು ಎಂದಿದ್ದಳು ಎಂದ. ಆಮೇಲೆ ಪಟ್ಟಿ ತೊಳೆಯುವವಳ ಕಡೆ ತಿರುಗಿ, ಇದಕ್ಕೆ ನಿಮ್ಮ ನಾಡಿನಲ್ಲಿ ಏನನ್ನುತ್ತಾರೆ ಎಂದು ಕೇಳಿದ. ಒಂದು ಪದವಿತ್ತು, ಮರೆತಿದ್ದೇನೆ, ಎಂದಳು.

ಅವಳು ಅವನ ಹೊದಿಕೆ ಸರಿಸಿದಳು. ನಲವತ್ತು ಚಳಿಗಾಲ ಬಟ್ಟೆಯ ಮೇಲೆ ನೋಡಿದ್ದನ್ನು ಕಾಲಿನ ಮೇಲೆ ನೋಡಿದಳು. ಬಾಯಿಗೆ ಬಂದದ್ದು ದೊರೆಗೆ ಆಡುವ ಮಾತಲ್ಲ, ಬಿದ್ದು ಬಂದ ಯಾವ ಮಗುವಿಗೂ ಯಾವ ಮುದುಕಿಯೂ ಆಡುವ ಮಾತು.

‘ತುಂಬಾ ನೋಯುತ್ತಾ, ಮಗಾ?’

ಆ ನಾಡಿನಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುತ್ತಿರಲಿಲ್ಲ. ದೊರೆ ತಲೆಯೆತ್ತಿ ತನ್ನ ಕಾಲು ನೋಡಿದ.

‘ನೋಯುತ್ತೆ,’ ಎಂದ. ‘ನನಗೆ ನೋಯುತ್ತೆ, ಅಮ್ಮಾ.’

ಅವಳು ಬಿಸಿನೀರಿಗೆ ಉಪ್ಪು ಹಾಕಿ ತಂದು ಗಾಯ ತೊಳೆದಳು. ದೊರೆ ಮೊದಲ ಸಲ ಕೂಗಿದ. ಮೂರು ಹಜಾರಗಳಲ್ಲೂ ಮಲಗಿದ್ದವರು ಕೇಳಿಸಿಕೊಂಡು, ಅಪ್ಪಣೆ ಎಂದುಕೊಂಡು, ತಾವೂ ಕೂಗಿದರು. ಊರು ಅರಮನೆಯನ್ನು ಕೇಳಿಸಿಕೊಂಡು ಕೂಗಿತು. ಅಷ್ಟು ದೊಡ್ಡ ಸದ್ದು ಆ ನಾಡಿನಲ್ಲಿ ಎಂದೂ ಆಗಿರಲಿಲ್ಲ. ಮಾಡಿನ ಹಿಮ ಜಾರಿ ಬಿತ್ತು. ದೊರೆಗೆ ನಗು ಬಂತು. ಅವರಿಗೆ ಸಾಕು ಎಂದು ಹೇಳಿ ಬಾ ಎಂದು ಮಗುವನ್ನು ಕಳಿಸಿದ, ವೈದ್ಯನನ್ನೂ ಕರೆದು ಬಾ ಎಂದ.

ವೈದ್ಯ ಉರುಳಿಕೊಂಡು ಬಂದ. ದೊರೆ ಅವನಿಗೆ ಎದ್ದು ನಿಲ್ಲು ಎಂದ. ನಿಮಗ್ಯಾರಿಗೂ ಇಲ್ಲ, ನನಗೊಬ್ಬನಿಗೇ ಕಾಯಿಲೆ ಇದೆ ಎಂದ. ವೈದ್ಯ ಎದ್ದು ನಿಂತ. ಎರಡು ಸಲ ಕೈ ತೊಳೆದುಕೊಂಡ. ಎಲ್ಲಿ ನೋಯುತ್ತದೆ ಎಂದು ಕೇಳಬೇಕಾಗಿತ್ತು, ಮೂವತ್ತು ವರ್ಷ ಆಡದ ಮಾತು ಹೊರಡಲು ಮೂರು ಸಲ ತೊದಲಿತು. ಜೇಡಗಳನ್ನು ಬೇರೆ ಮನೆಗೆ ಕಳಿಸಿ ಔಷಧಿ ಅರೆದ.

ಹುಣ್ಣು ಒಣಗಲಿಲ್ಲ. ಅದು ಒಣಗುವ ಹುಣ್ಣಲ್ಲ ಎಂದು ವೈದ್ಯ ಹೇಳಿದ, ಆದರೆ ಅದರ ಜೊತೆ ಬಾಳಬಹುದು ಎಂದೂ ಹೇಳಿದ. ವಾಸನೆ ಹೋಯಿತು. ಕಲೆ ಅಂಗೈಯಗಲಕ್ಕೆ ಇಳಿಯಿತು. ಹದಿನೆಂಟನೆಯ ದಿನ ದೊರೆ ಎದ್ದು ಕೂತು, ತಾನೆಂದೂ ನೋಡಿರದ ನಿಯಮದ ಹಾಳೆ ತರಿಸಿದ. ತಾಯಿಯ ಕೈಬರಹವನ್ನು ಹೊಡೆದುಹಾಕಲು ಅವನಿಗೆ ಮನಸ್ಸಾಗಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದ. ದೊರೆಯ ಕಾಲು ದೊರೆಯದು.

ಜನ ಎದ್ದು ನಿಂತರು. ನಿಂತರೇ ಹೊರತು ನಡೆಯಲು ಬರಲಿಲ್ಲ. ಎಡಗಾಲನ್ನು ಮುಂದಿಡಿ ಎಂದರೆ ಅದು ತನ್ನ ಪಾಡಿಗೆ ಎಳೆಯುತ್ತಿತ್ತು. ಕಲಿಸುವವರು ಬೇಕೆಂದು ಡಂಗುರ ಹೊಡೆಸಿದರು, ಯಾರಿಗೂ ಬರುತ್ತಿರಲಿಲ್ಲ. ಪಟ್ಟಿ ತೊಳೆಯುವವಳನ್ನು ಕರೆದರು. ಎಪ್ಪತ್ತು ದಾಟಿದ ಅವಳ ಎರಡೂ ಮೊಣಕಾಲುಗಳು ಈಗ ನಿಜವಾಗಿ ನೋಯುತ್ತಿದ್ದವು. ಕೊನೆಗೆ ಏಳು ತುಂಬದ ಮಕ್ಕಳನ್ನು ಸಾಲಾಗಿ ಮುಂದೆ ನಿಲ್ಲಿಸಿದರು. ಮಕ್ಕಳು ನಡೆದರು, ಅವರ ಹಿಂದೆ ಅಜ್ಜಂದಿರು, ಮಂತ್ರಿಗಳು, ಸೇನಾಪತಿಗಳು ನಡೆದರು. ದೊರೆ ಪಕ್ಕದಲ್ಲಿ ಕೋಲು ಹಿಡಿದು ಕುಂಟುತ್ತ, ಎಡಗಾಲು ಇನ್ನಷ್ಟು ಎತ್ತಯ್ಯಾ, ನನ್ನನ್ನು ನೋಡಬೇಡ, ಮಗುವನ್ನು ನೋಡು, ಎಂದು ಗದರುತ್ತ ಹೋಗುತ್ತಿದ್ದ. ನಡಿಗೆಯ ಅಧಿಕಾರಿಗೆ ಮಾತ್ರ ಕೊನೆಯ ತನಕ ಬರಲಿಲ್ಲ. ಅವನು ಗೋಪುರದಲ್ಲೇ ಉಳಿದ. ಅವನಿಗೆ ಬೇಸರವಾಗದಿರಲೆಂದು ದೊರೆ ಹೊತ್ತು ತಿಳಿಸುವ ಗಂಟೆ ಹೊಡೆಯುವ ಕೆಲಸ ಕೊಟ್ಟ. ನದಿಯಾಚೆಯಿಂದ ಬೆಕ್ಕುಗಳು ಯಾರೂ ಕರೆಯದೆ ವಾಪಸು ಬಂದವು.

ಬಡಗಿಯ ಪೆಟ್ಟಿಗೆಗಳು ಸಾವಿರಗಟ್ಟಲೆ ಉಳಿದವು. ಮುಚ್ಚಳ ತೆಗೆದು ಮಣ್ಣು ತುಂಬಿ, ಮನೆಮನೆಯ ಅಂಗಳದಲ್ಲಿಟ್ಟು ಬೀಟ್‌ರೂಟ್ ಬಿತ್ತಿದರು. ಚಿಮುಕಿಸಲು ಪಟ್ಟಿಗಳಿರಲಿಲ್ಲ, ತಿಂದರು. ಪಲ್ಯ ಮಾಡುವುದು ಹೇಗೆಂದು ಹಂಡೆಯ ಮನೆಗೆ ಕೇಳಿಕೊಂಡು ಬಂದರು.

ನಾಲ್ಕು ಚಳಿಗಾಲ ಕಳೆದು ದೊರೆ ಸತ್ತ. ಸಾಯುವ ಮುಂಚೆ ಮೂರು ಸಲ ಹೇಳಿದ್ದ, ಈ ಸಾವು ನನ್ನದು, ಯಾರೂ ಹಂಚಿಕೊಳ್ಳಕೂಡದು. ಹೆಣದ ಹಿಂದೆ ಊರೆಲ್ಲ ನಡೆಯಿತು. ಹೆಚ್ಚಿನವರು ನೆಟ್ಟಗೆ ನಡೆದರು. ಕೆಲವರು ಕುಂಟಿದರು. ಅಭ್ಯಾಸಕ್ಕೋ ದುಃಖಕ್ಕೋ ಎಂದು ಯಾರೂ ಕೇಳಲಿಲ್ಲ.

ಪಟ್ಟಿ ತೊಳೆಯುವವಳು ಆ ದಿನ ಒಂದೇ ಒಂದು ಪಟ್ಟಿ ಕುದಿಸಿದಳು. ಮೂರು ಕುದಿ ಕುದಿಸಿದಳು. ಕಲೆ ಹೋಗಲಿಲ್ಲ. ಅದನ್ನು ಹಗ್ಗದ ಮೇಲೆ ಹರವಿ, ಅಂಚು ಎಳೆದು ನೆಟ್ಟಗೆ ಮಾಡುವಾಗ, ಕರೆಯದೆ ಹುಡುಕದೆ, ಆ ಪದ ಬಂತು. ಅಣಕ. ಅಣಕ ಮಾಡಬೇಡ ಕಣೇ, ಎಂದಿದ್ದಳು ತಾಯಿ.

ಅವಳು ಅದನ್ನು ಬಾಯಿಬಿಟ್ಟು ಹೇಳಿ ನೋಡಿದಳು. ಸರಿಹೋಗಲಿಲ್ಲ. ಅಣಕ ಮಾಡಿದವರು ನಗುತ್ತಾರೆ. ಇವರು ನಕ್ಕಿರಲಿಲ್ಲ. ಒಬ್ಬ ತಾಯಿ ಮಗನ ಕಣ್ಣೀರು ನೋಡಲಾರದೆ ಶುರುಮಾಡಿದ್ದು, ಒಂದು ಊರು ದೊರೆಯ ಮನಸ್ಸು ನೋಯಿಸಲಾರದೆ ಮುಂದುವರಿಸಿದ್ದು. ಆದರೆ ಕಾಲಿಗೆ ಅದು ತಿಳಿಯುವುದಿಲ್ಲ. ನಕ್ಕು ಮಾಡಿದರೂ ಅತ್ತು ಮಾಡಿದರೂ ಒಂದೇ ಸಮ ಅಂಟಿಸಿಕೊಳ್ಳುತ್ತದೆ. ಇದಕ್ಕೆ ಬಿಸಿಲಿನ ನಾಡಿನಲ್ಲೂ ಪದವಿಲ್ಲ, ಹಿಮದ ನಾಡಿನಲ್ಲೂ ಪದವಿಲ್ಲ. ಪದವಿಲ್ಲದ್ದನ್ನು ಮೊದಲಿನಿಂದ ಕಥೆಯಾಗಿಯೇ ಹೇಳಬೇಕು. ಹೇಳುವವಳಿಗೋ ಮಾತುಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು.

ಅಂಗಳದ ಆ ತುದಿಯಲ್ಲಿ, ಅರ್ಧ ಗೇಣು ಹೆಚ್ಚಿಗೆ ಹಿಡಿದ ತನ್ನ ಪೆಟ್ಟಿಗೆಯ ಮುಂದೆ ಕೂತು ಮೊಮ್ಮಗಳು ಬೀಟ್‌ರೂಟ್ ಕೀಳುತ್ತಿದ್ದಳು. ಹನ್ನೆರಡು ತುಂಬಿತ್ತು, ಪೆಟ್ಟಿಗೆಗಿಂತ ಉದ್ದವಾಗಿದ್ದಳು. ಅಜ್ಜಿ ಕೂಗಿದಳು, ಕಾಗದ ಸೀಸದಕಡ್ಡಿ ತಗೊಂಡು ಬಾ ಎಂದಳು. ಯಾಕಜ್ಜಿ ಎಂದಳು ಹುಡುಗಿ. ಓಡಿ ಬಾ ಕೂಸೇ, ಮರೆತುಹೋಗುತ್ತೆ, ಎಂದಳು ಅಜ್ಜಿ.

ಹುಡುಗಿ ಎದ್ದಳು. ಒಳಗೆ ಹೋಗಿ ಕಾಗದ ಎತ್ತಿಕೊಂಡಳು. ಓಡಿದಳು. ಮೊದಲ ನಾಲ್ಕು ಹೆಜ್ಜೆ ಎಡಗಾಲು ಹಳೆಯದನ್ನು ನೆನೆದು ಹಿಂದುಳಿಯಿತು. ಐದನೆಯದಕ್ಕೆ ಒಂದು ಬೆಕ್ಕು ಅಡ್ಡ ಬಂತು, ಅವಳು ಅದನ್ನು ದಾಟಲು ಹಾರಿದಳು, ಹಾರಿ ಇಳಿದ ಮೇಲೆ ಕಾಲಿಗೆ ಎಲ್ಲ ಮರೆತಿತ್ತು. ಅಜ್ಜಿ ಅವಳ ಮುಖ ನೋಡಲಿಲ್ಲ. ಅವಳು ಬಂದು ನಿಲ್ಲುವ ತನಕ ಕಾಲನ್ನೇ ನೋಡಿದಳು.

‘ಏನು ಬರೆಯಲಿ ಅಜ್ಜಿ?’

‘ನಡೆದದ್ದೆಲ್ಲ ಬರೆ, ಒಂದೊಂದಾಗಿ ಹೇಳುತ್ತೇನೆ. ಆದರೆ ಮೊದಲ ಸಾಲಿನಲ್ಲಿ, ದೊರೆಯ ಕಾಲು ನೋಯುತ್ತಿತ್ತು, ಎಂದು ಬರೆ.’